ಸ್ಪೆಕ್ಟ್ರಮ್‌ನ ಬೆನ್ನಿಗೊಂದು ಹಾರ್ಡ್ ಡಿಸ್ಕ್

ಕ್ಯಾಸೆಟ್ ಪ್ಲೇಯರಿನ ಗುಂಡಿ ಒತ್ತಿದ್ದೇ ತಡ, ಕೀರಲು ದನಿಯೊಂದು ಏಳುತ್ತದೆ. ಟಿವಿ ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆಗಳು ದಪ್ಪದಪ್ಪಗೆ ಉರುಳುತ್ತವೆ. ಆಮೇಲೆ ದನಿ ಒಡೆದು ಗರಗರ ಎನ್ನುತ್ತದೆ; ಪಟ್ಟೆಗಳು ಸಣ್ಣಗಾಗಿ, ಹಳದಿ-ನೀಲಿಗೆ ತಿರುಗಿ, ಹುಚ್ಚೆದ್ದು ಕುಣಿಯುತ್ತವೆ. ಇನ್ನು ಕಾಯುವುದೊಂದೇ ಕೆಲಸ. ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದರೂ ಆಟ ಶುರುವಾಗಿರುವುದಿಲ್ಲ. ಟೇಪು ಎಲ್ಲೋ ಒಂದಿಷ್ಟು ಸುಕ್ಕುಗಟ್ಟಿದ್ದರಂತೂ ಕೊನೆಯ ಗಳಿಗೆಯಲ್ಲಿ ‘ಟೇಪ್ ಲೋಡಿಂಗ್ ಎರರ್’ ಎಂಬ ಸಾಲು ಮೂಡಿ, ಮತ್ತೆ ಮೊದಲಿನಿಂದ.

ಕಂಪ್ಯೂಟರೆಂದರೆ ಒಂದೇ ಕೈಯಲ್ಲಿ ಎತ್ತಬಹುದಾದ ಕರಿ ಪೆಟ್ಟಿಗೆ. ಒತ್ತಿದರೆ ಮೆತ್ತಗೆ ಒಳಗಿಳಿದು ಸದ್ದಿಲ್ಲದೆ ಮೇಲೇಳುವ ಬೂದು ರಬ್ಬರಿನ ಕೀಲಿಗಳು, ಮೂಲೆಯಲ್ಲಿ ಓರೆಯಾಗಿ ಎಳೆದ ಬಣ್ಣದ ಪಟ್ಟಿ. ಸಿಂಕ್ಲೇರ್ ಕಂಪನಿಯ ಝಡ್ಎಕ್ಸ್ ಸ್ಪೆಕ್ಟ್ರಮ್ ಇದು. 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಸ್ಕಾಟ್ಲೆಂಡಿನ ಡಂಡೀ ಊರಿನ ಟೈಮೆಕ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದರ ಬೆನ್ನಿಗೆ ಹಾರ್ಡ್ ಡಿಸ್ಕ್ ಕಟ್ಟುವ ಹುಚ್ಚು ಹತ್ತಿದವರು ಬ್ರಿಟನ್ನಿನಲ್ಲಷ್ಟೇ ಅಲ್ಲ, ಜೆಕ್ ದೇಶದಲ್ಲೂ ಇದ್ದಾರೆ. ಡಿವ್‌ಐಡಿಇ ಎಂಬ ಹೆಸರುವಾಸಿ ಬೋರ್ಡು 2002ರಲ್ಲಿ ಹುಟ್ಟಿದ್ದು ಅಲ್ಲೇ.

ಬನ್ನಿ, ಅಂಥದ್ದೊಂದು ಬೋರ್ಡು ರೂಪುಗೊಳ್ಳುವ ಮೇಜಿನ ಪಕ್ಕ ಸ್ವಲ್ಪ ಹೊತ್ತು ಕೂರೋಣ. ಬೆಸುಗೆ ಕಡ್ಡಿಯ ತುದಿಯಿಂದ ಏಳುವ ರಾಳದ ಹೊಗೆ ಮೂಗಿಗೆ ಘಾಟು ಹೊಡೆಯುತ್ತದೆ. ಒಂದು ಪಕ್ಕ ಅಗಲವಾದ ರಿಬ್ಬನ್ ಕೇಬಲ್ ಬಿದ್ದಿದೆ. ಅದರ ನಲವತ್ತು ಎಳೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ಕೆಂಪು ಬಣ್ಣ. ಸ್ಪೆಕ್ಟ್ರಮ್‌ನ ಹಿಂಬದಿ ತಿರುಗಿಸಿದರೆ ಒಳಗಿನ ಬೋರ್ಡಿನ ಅಂಚೇ ಹೊರಗೆ ಇಣುಕುತ್ತದೆ: ಮೇಲೆ, ಕೆಳಗೆ ಸಾಲಾಗಿ ಲೋಹದ ಹಲ್ಲುಗಳು, ನಡುವೆ ಸಣ್ಣದೊಂದು ಕಚ್ಚು. ಝಡ್80 ಪ್ರೊಸೆಸರಿನ ಹದಿನಾರು ವಿಳಾಸದ ತಂತಿಗಳು, ಎಂಟು ದತ್ತಾಂಶದ ತಂತಿಗಳು, ಓದು-ಬರೆ ಎನ್ನುವ ಸಂಜ್ಞೆಗಳು ಎಲ್ಲವೂ ಇಲ್ಲೇ ಸಿಗುತ್ತವೆ. ಕರೆಂಟು ಇರುವಾಗ ಇಲ್ಲಿಗೆ ಸಿಕ್ಕಿಸಿದ್ದನ್ನು ಒಂದಿಷ್ಟು ಅಲುಗಾಡಿಸಿದರೂ ಒಳಗಿನ ಚಿಪ್ಪುಗಳು ಸುಟ್ಟುಹೋಗಬಹುದು. ಹಾಗಾಗಿ ಗೊತ್ತಿದ್ದವರ ಕೈ ಮೊದಲು ಹೋಗುವುದು ಪ್ಲಗ್ಗಿನ ಕಡೆಗೇ.

ತಕರಾರು ಶುರುವಾಗುವುದು ಆ ಎಂಟು ತಂತಿಗಳಲ್ಲಿ. ಐಡಿಇ ಬಗೆಯ ಹಾರ್ಡ್ ಡಿಸ್ಕ್ ಡ್ರೈವು 1986ರ ಸುಮಾರಿಗೆ ಪಿಸಿಗಳಿಗಾಗಿ ಹುಟ್ಟಿದ್ದು. ಅದು ಒಂದೇ ಏಟಿಗೆ ಹದಿನಾರು ಬಿಟ್ ಕೊಡುತ್ತದೆ. ಝಡ್80 ಹಿಡಿಯಬಲ್ಲದ್ದು ಎಂಟೇ. ಎರಡು ಮೂಟೆ ಹೊತ್ತು ಬಂದವನಿಂದ ಒಂದನ್ನು ಒಳಗೆ ತೆಗೆದುಕೊಂಡು, ಇನ್ನೊಂದನ್ನು ಜಗಲಿಯ ಮೇಲೆ ಇಳಿಸಿಕೊಂಡ ಹಾಗೆ, ಉಳಿದ ಎಂಟು ಬಿಟ್‌ಗಳನ್ನು ಲ್ಯಾಚ್ ಎಂಬ ಪುಟ್ಟ ಚಿಪ್ಪಿನಲ್ಲಿ ತಡೆದಿಡಬೇಕು. ಪ್ರೊಸೆಸರ್ ಅದೇ ಬಾಗಿಲನ್ನು ಮತ್ತೆ ತಟ್ಟಿದಾಗ ಡ್ರೈವನ್ನು ಕೆಣಕದೆ ಲ್ಯಾಚಿನಲ್ಲಿರುವುದನ್ನು ಕೊಡಬೇಕು. ಬಾಗಿಲು ಒಂದೇ ಆಗಿರುವುದರಿಂದ ಝಡ್80ರ ಒಂದೇ ಸೂಚನೆ ತನ್ನಷ್ಟಕ್ಕೆ ಸುತ್ತು ಹಾಕುತ್ತಾ 256 ಬೈಟು ಬಾಚಿಕೊಳ್ಳುತ್ತದೆ. ಎರಡು ಸಲ ಹಾಗೆ ಮಾಡಿದರೆ 512 ಬೈಟಿನ ಒಂದು ಸೆಕ್ಟರ್ ಮುಗಿಯಿತು. ಇಡೀ ಬೋರ್ಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಣತನ ಇದು.

ಕಾಗದದ ಮೇಲೆ ಇಷ್ಟು ಸಲೀಸು. ಆಸಿಲೋಸ್ಕೋಪಿನ ಹಸಿರು ಗೆರೆ ಮಾತ್ರ ಬೇರೆ ಕತೆ ಹೇಳುತ್ತದೆ: ನೆಟ್ಟಗೆ ಇಳಿಯಬೇಕಾದ ಸಂಜ್ಞೆ ತಳ ಮುಟ್ಟಿ ನಾಲ್ಕಾರು ಸಲ ಪುಟಿಯುತ್ತಿದೆ. ಆ ಪುಟಿತವನ್ನು ಡ್ರೈವು ಇನ್ನೊಂದು ‘ಓದು’ ಎಂದು ತಿಳಿದರೆ ಹದಿನಾರು ಬಿಟ್‌ನ ಒಂದು ಕಂತು ಕಳಚಿಹೋಗಿ ಅಲ್ಲಿಂದಾಚೆಗೆ ಎಲ್ಲ ಅಸ್ತವ್ಯಸ್ತ. ಆ ತಂತಿಯ ದಾರಿಗೆ ಕೆಲವು ಓಮ್‌ಗಳ ರೆಸಿಸ್ಟರ್ ಅಡ್ಡ ಬರುತ್ತದೆ, ಪ್ರತಿ ಚಿಪ್ಪಿನ ಪಕ್ಕಕ್ಕೊಂದು ಕೆಪಾಸಿಟರ್ ಬಂದು ಕೂರುತ್ತದೆ, ಪರದೆಯ ಮೇಲಿನ ನಕ್ಷೆಯಲ್ಲಿ ತಾಮ್ರದ ಗೆರೆಗಳು ಮತ್ತೆ ಪಕ್ಕಕ್ಕೆ ಸರಿಯುತ್ತವೆ. ತಾಳ್ಮೆ ಇಲ್ಲದವರು ಎದ್ದುಹೋಗುವುದು ಈ ಹಂತದಲ್ಲೇ.

ಡಿಸ್ಕು ಓದುವುದಷ್ಟೇ ಸಾಲದು, ಹಳೆಯ ಯಂತ್ರಕ್ಕೆ ಅದರ ಸುಳಿವೂ ಹತ್ತಬಾರದು. ಸ್ಪೆಕ್ಟ್ರಮ್‌ನ ರೋಮ್ ಚಿಪ್ಪಿನಲ್ಲಿ ಡಿಸ್ಕಿನ ಸುದ್ದಿಯೇ ಇಲ್ಲ. 16 ಕಿಲೋಬೈಟಿನ ಅದರ ಮೂಲ ಪ್ರೋಗ್ರಾಮು ಬಲ್ಲದ್ದು ಟೇಪನ್ನು ಮಾತ್ರ. ಅದರೊಳಗೆ ಹೆಕ್ಸಾಡೆಸಿಮಲ್ ಲೆಕ್ಕದ 0562 ಎಂಬ ವಿಳಾಸದಲ್ಲಿ, ಯಂತ್ರ ಟೇಪಿನ ಕಡೆ ಮೊದಲ ಬಾರಿ ಕಿವಿಗೊಡುವ ಸೂಚನೆ ಇದೆ. ಡಿವ್‌ಐಡಿಇ ಹೊಂಚು ಹಾಕಿ ಕೂತಿರುವುದು ಸರಿಯಾಗಿ ಅಲ್ಲಿ. ಪ್ರೊಸೆಸರ್ ಆ ವಿಳಾಸ ಮುಟ್ಟಿದೊಡನೆ ಮೂಲ ಪ್ರೋಗ್ರಾಮನ್ನು ಬದಿಗೆ ಸರಿಸಿ ತನ್ನದನ್ನು ಮುಂದಿಡುತ್ತದೆ, ಡಿಸ್ಕಿನಿಂದ ಓದಿಕೊಡುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಆಟ ಮಾತ್ರ ತಾನು ಟೇಪಿನಿಂದಲೇ ಬಂದೆ ಎಂದುಕೊಂಡಿರುತ್ತದೆ. ಸೆಕೆಂಡಿಗೆ ಮೂವತ್ತೈದು ಲಕ್ಷ ಸಲ ಮಿಡಿಯುವ ಆ ಪ್ರೊಸೆಸರಿಗೆ ಒಂದು ಸೆಕ್ಟರ್ ಬಾಚಲು ಮೂರು ಮಿಲಿಸೆಕೆಂಡು ಸಾಕು. ಟೇಪಿನಲ್ಲಿ ಐದು ನಿಮಿಷದ ಆಸುಪಾಸು ಹಿಡಿಯುತ್ತಿದ್ದ 48 ಕಿಲೋಬೈಟು ಹೀಗೆ ಅರ್ಧ ಸೆಕೆಂಡಿನೊಳಗೆ ಬಂದು ಬೀಳಬಲ್ಲದು.

ಗಿರ್ರನೆ ತಿರುಗುವ ನಿಜವಾದ ಡ್ರೈವನ್ನು ಈಗ ಕಟ್ಟುವವರು ಕಡಿಮೆ. ಅದು ಎದ್ದು ನಿಲ್ಲುವಾಗ ಎಳೆಯುವ ಕರೆಂಟು ಸ್ಪೆಕ್ಟ್ರಮ್‌ನ ಬಡಪಾಯಿ ಅಡಾಪ್ಟರಿಗೆ ಭಾರ. ಅದೇ ಭಾಷೆ ಆಡುವ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಸದ್ದಿಲ್ಲದೆ ಆ ಜಾಗ ಹಿಡಿದಿದೆ. ಸದ್ದು ಬೇಕೆನ್ನುವವರೂ ಇದ್ದಾರೆನ್ನಿ.

ಇನ್ನು, ಬೋರ್ಡಿನ ಅಂಚಿನಲ್ಲೊಂದು ಪುಟ್ಟ ಗುಂಡಿಯಿದೆ. ಕಳ್ಳಪ್ರತಿ ತಡೆಯಲು ತಮ್ಮದೇ ಲೋಡರ್ ಬರೆದುಕೊಂಡ ಆಟಗಳು 0562ರ ಹತ್ತಿರ ಸುಳಿಯುವುದೇ ಇಲ್ಲ. ಅವಕ್ಕೆ ಈ ಹೊಂಚು ತಟ್ಟದು. ಅಂಥವನ್ನು ಒಮ್ಮೆ ಟೇಪಿನಿಂದಲೇ ತುಂಬಿಸಿ, ಗುಂಡಿ ಒತ್ತಿ, ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಇಳಿಸಿಕೊಳ್ಳಬಹುದು. ಗುಂಡಿ ಒತ್ತಿದಾಗ ಝಡ್80 ಹಾರುವುದು 0066 ಎಂಬ ವಿಳಾಸಕ್ಕೆ. ಸಿಂಕ್ಲೇರ್‌ನವರ ಮೂಲ ಪ್ರೋಗ್ರಾಮಿನಲ್ಲಿ ಅಲ್ಲಿದ್ದ ಒಂದು ಸೂಚನೆ ತಿರುಗುಮುರುಗಾಗಿ, ‘ಸೊನ್ನೆಯಾದರೆ’ ಎಂದಿರಬೇಕಾದಲ್ಲಿ ‘ಸೊನ್ನೆಯಲ್ಲದಿದ್ದರೆ’ ಎಂದಾಗಿ, ಆ ಸೌಲಭ್ಯ ಯಾರ ಉಪಯೋಗಕ್ಕೂ ಬಾರದೆ ಉಳಿದಿತ್ತು. ಬೋರ್ಡು ಅಲ್ಲೂ ತನ್ನ ಪ್ರೋಗ್ರಾಮನ್ನು ಮುಂದೆ ತಂದು ಕೂರಿಸಿ, 1982ರ ಆ ಎಡವಟ್ಟನ್ನು ದಾಟಿಕೊಂಡು ಕೆಲಸ ಮುಗಿಸುತ್ತದೆ.