ಟಿಶ್ಯೂ ವಾಲ್ವ್ ಎಷ್ಟು ವರ್ಷ ಬಾಳುತ್ತದೆ?

ಕೆಟ್ಟುಹೋದ ಹೃದಯ ಕವಾಟವನ್ನು ತೆಗೆದು ಅದರ ಜಾಗದಲ್ಲಿ ಕೂರಿಸುವ ಕೃತಕ ಕವಾಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಾರ್ಬನ್, ಲೋಹಗಳಿಂದ ಮಾಡಿದ ಮೆಕ್ಯಾನಿಕಲ್ ವಾಲ್ವ್ ಒಂದು. ಹಂದಿಯ ಹೃದಯದ ಕವಾಟದಿಂದಲೋ ದನದ ಹೃದಯವನ್ನು ಸುತ್ತಿರುವ ಪೊರೆಯಿಂದಲೋ ತಯಾರಾಗುವ ಟಿಶ್ಯೂ ವಾಲ್ವ್ ಇನ್ನೊಂದು. ಮೊದಲನೆಯದು ಸವೆದು ಕೆಡುವುದು ತೀರಾ ಅಪರೂಪ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವಷ್ಟು ಕಾಲವೂ ಮಾತ್ರೆ ನುಂಗಬೇಕು. ಎರಡನೆಯದಕ್ಕೆ ಆ ಮಾತ್ರೆ ಬೇಕಾದರೂ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಿಗಷ್ಟೇ, ಆದರೆ ಕವಾಟವೇ ಒಂದು ದಿನ ಕೆಡುತ್ತದೆ. ಎಷ್ಟು ವರ್ಷಕ್ಕೆ ಎಂದು ಕೇಳಿದವರಿಗೆ ‘ಹತ್ತರಿಂದ ಹದಿನೈದು’ ಎಂಬ ಉತ್ತರ ಸಿಗುವುದು ರೂಢಿ. ಅದು ಸುಳ್ಳಲ್ಲ. ಆದರೆ ಔಷಧಿಯ ಡಬ್ಬಿಯ ಮೇಲಿನ ಎಕ್ಸ್‌ಪೈರಿ ದಿನಾಂಕದಂತೆ ಅದನ್ನು ಓದಿಕೊಂಡರೆ ಲೆಕ್ಕ ತಪ್ಪುತ್ತದೆ. ಒಂದೇ ಮಾದರಿಯ ಕವಾಟ ಒಬ್ಬರಲ್ಲಿ ಎಂಟು ವರ್ಷಕ್ಕೇ ಬಿಗಿಯಬಹುದು, ಇನ್ನೊಬ್ಬರಲ್ಲಿ ಇಪ್ಪತ್ತು ದಾಟಬಹುದು.

ಪ್ರಾಣಿಯ ಕವಾಟವನ್ನು ಮನುಷ್ಯನ ಹೃದಯಕ್ಕೆ ಜೋಡಿಸುವ ಪ್ರಯತ್ನ 1965ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಆರಂಭದ ಕವಾಟಗಳು ಬೇಗನೆ ಕೆಟ್ಟವು. ಫ್ರೆಂಚ್ ಶಸ್ತ್ರವೈದ್ಯ ಅಲೆನ್ ಕಾರ್ಪೆಂತಿಯೆ ಆ ದಶಕದ ಕೊನೆಯಲ್ಲಿ ಅಂಗಾಂಶವನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಸಂಸ್ಕರಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಚರ್ಮ ಹದ ಮಾಡುವುದಕ್ಕೂ ಬಳಕೆಯಾಗುವ ಈ ರಾಸಾಯನಿಕ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿಮಾಡುತ್ತದೆ. ಪರಕೀಯ ವಸ್ತುವೆಂದು ದೇಹ ಅದರ ಮೇಲೆ ಎರಗುವುದನ್ನೂ ತಗ್ಗಿಸುತ್ತದೆ. ಆದರೆ ಹೀಗೆ ಹದಗೊಂಡದ್ದು ಸತ್ತ ಅಂಗಾಂಶ. ಸಣ್ಣ ಬಿರುಕನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಹದಿನೈದು ವರ್ಷದಲ್ಲಿ ಕವಾಟದ ಎಸಳುಗಳು ಐವತ್ತು ಕೋಟಿಗೂ ಹೆಚ್ಚು ಸಲ ತೆರೆದು ಮುಚ್ಚಬೇಕು.

ಕೆಡುವ ಬಗೆ ಎರಡು. ಎಸಳುಗಳಲ್ಲಿ ಕ್ಯಾಲ್ಸಿಯಂ ಕೂತು ಅವು ಬಿಗಿದುಕೊಂಡರೆ ಕವಾಟ ಪೂರ್ತಿ ತೆರೆಯುವುದಿಲ್ಲ. ಎಸಳು ಹರಿದರೆ ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಹೆಚ್ಚಿನವರಲ್ಲಿ ಮೂಲ ತಂಟೆ ಕ್ಯಾಲ್ಸಿಯಂನದೇ. ಸಂಸ್ಕರಣೆಯ ನಂತರ ಉಳಿಯುವ ಆಲ್ಡಿಹೈಡ್ ಗುಂಪುಗಳು, ಸತ್ತ ಜೀವಕೋಶಗಳ ಪೊರೆಯಲ್ಲಿರುವ ಫಾಸ್ಫೋಲಿಪಿಡ್‌ಗಳು ಕ್ಯಾಲ್ಸಿಯಂಗೆ ನೆಲೆ ಕೊಡುತ್ತವೆ. ಅಂಗಾಂಶವನ್ನು ಉಳಿಸಿದ ಅದೇ ಉಪಚಾರ ಅದನ್ನು ನಿಧಾನವಾಗಿ ಕೆಡಿಸುವುದಕ್ಕೂ ದಾರಿಮಾಡುತ್ತದೆ.

ಈ ಕೆಡುವಿಕೆಯ ವೇಗವನ್ನು ನಿರ್ಧರಿಸುವುದರಲ್ಲಿ ರೋಗಿಯ ವಯಸ್ಸಿನದು ದೊಡ್ಡ ಪಾತ್ರ. ಕಿರಿಯರ ರೋಗನಿರೋಧಕ ವ್ಯವಸ್ಥೆ ಚುರುಕು, ಕ್ಯಾಲ್ಸಿಯಂ ಚಯಾಪಚಯವೂ ಚುರುಕು. ಹಾಗಾಗಿ ಮೂವತ್ತರ ವಯಸ್ಸಿನಲ್ಲಿ ಹಾಕಿಸಿಕೊಂಡ ಕವಾಟ ಎಪ್ಪತ್ತರಲ್ಲಿ ಹಾಕಿಸಿಕೊಂಡದ್ದಕ್ಕಿಂತ ಬೇಗ ಕೆಡುತ್ತದೆ. ಕವಾಟ ಕೂರುವ ಜಾಗವೂ ಮುಖ್ಯ. ಎಡ ಹೃತ್ಕುಕ್ಷಿ ಸಂಕುಚಿಸುವಾಗ ಅದರ ಪೂರ್ಣ ಒತ್ತಡವನ್ನು ಅದಕ್ಕೂ ಎಡ ಹೃತ್ಕರ್ಣಕ್ಕೂ ನಡುವೆ ಮುಚ್ಚಿಕೊಂಡ ಮೈಟ್ರಲ್ ಕವಾಟವೇ ತಡೆಯಬೇಕು. ಅಲ್ಲಿಂದ ಮಹಾಧಮನಿಗೆ ರಕ್ತ ಬಿಡುವ ಅಯೋರ್ಟಿಕ್ ಕವಾಟ ಮುಚ್ಚಿರುವುದು ಹೃದಯ ಸಡಿಲಗೊಂಡಾಗ, ಕಡಿಮೆ ಒತ್ತಡದಲ್ಲಿ. ಆದ್ದರಿಂದಲೇ ಮೈಟ್ರಲ್ ಸ್ಥಾನದಲ್ಲಿ ಟಿಶ್ಯೂ ವಾಲ್ವ್‌ನ ಆಯುಷ್ಯ ಕಡಿಮೆ. ಡಯಾಲಿಸಿಸ್ ಹಂತದ ಮೂತ್ರಪಿಂಡ ವೈಫಲ್ಯವಿದ್ದರೆ ಕ್ಯಾಲ್ಸಿಯಂ ಕೂರುವುದು ಮತ್ತಷ್ಟು ಬೇಗ.

ಫ್ರಾನ್ಸಿನ ಟೂರ್ ನಗರದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಅಯೋರ್ಟಿಕ್ ಸ್ಥಾನದಲ್ಲಿ ಪೆರಿಮೌಂಟ್ ಎಂಬ, ದನದ ಪೊರೆಯಿಂದ ಮಾಡಿದ ಕವಾಟ ಪಡೆದ 2,659 ಜನರನ್ನು ಅದು ಅನುಸರಿಸಿತ್ತು. ಅರವತ್ತು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಕವಾಟ ಸವೆದ ಕಾರಣಕ್ಕೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಗದವರ ಪ್ರಮಾಣ 15 ವರ್ಷಕ್ಕೆ ಸುಮಾರು ಶೇ. 71, ಇಪ್ಪತ್ತು ವರ್ಷಕ್ಕೆ ಶೇ. 38. ಅರವತ್ತರಿಂದ ಎಪ್ಪತ್ತರವರಲ್ಲಿ ಅದು ಶೇ. 83 ಮತ್ತು 60. ಎಪ್ಪತ್ತು ದಾಟಿದವರಲ್ಲಿ 15 ವರ್ಷಕ್ಕೆ ಶೇ. 98.

ಕೊನೆಯ ಅಂಕಿ ನೋಡಿ ಹಿರಿಯರಲ್ಲಿ ಕವಾಟ ಕೆಡುವುದೇ ಇಲ್ಲವೆಂದುಕೊಳ್ಳುವುದು ಸುಲಭ. ಆದರೆ ಇಲ್ಲಿ ಎಣಿಸಿರುವುದು ಕೆಟ್ಟ ಕವಾಟಗಳನ್ನಲ್ಲ, ಮರುಶಸ್ತ್ರಚಿಕಿತ್ಸೆಗಳನ್ನು. ಕವಾಟ ಬಿಗಿದಿದ್ದರೂ ಎಂಬತ್ತೈದರ ದುರ್ಬಲ ದೇಹಕ್ಕೆ ಮತ್ತೆ ಎದೆ ತೆರೆಯುವುದು ಬೇಡವೆಂದು ಬಿಟ್ಟವರು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಬೇರೆ ಕಾಯಿಲೆಯಿಂದ ತೀರಿಕೊಂಡವರ ಕವಾಟ ಮುಂದೆ ಎಷ್ಟು ವರ್ಷ ನಡೆಯುತ್ತಿತ್ತೋ ಯಾರೂ ಹೇಳಲಾರರು. ಎಕೋ ಪರೀಕ್ಷೆಯಲ್ಲಿ ಕಂಡ ಕೆಡುವಿಕೆಯನ್ನು ಎಣಿಸಿದರೆ ಅಂಕಿ ಇಷ್ಟು ಹೊಳೆಯುವುದಿಲ್ಲ. ಹಾಗಾಗಿ ಯಾವುದೇ ಶೇಕಡಾ ಲೆಕ್ಕ ಎದುರಾದಾಗ ಎಣಿಸಿದ್ದು ಏನನ್ನು, ಯಾವ ವಯಸ್ಸಿನವರಲ್ಲಿ, ಎಷ್ಟು ವರ್ಷದವರೆಗೆ ಎಂದು ಕೇಳಲೇಬೇಕು.

ಹೊಸ ಮಾದರಿಗಳ ಬಗ್ಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕ್ಯಾಲ್ಸಿಯಂ ಕೂರದಂತೆ ವಿಶೇಷವಾಗಿ ಸಂಸ್ಕರಿಸಿದ ರೆಸಿಲಿಯಾ ಅಂಗಾಂಶದ ಏಳು ವರ್ಷದ ಫಲಿತಾಂಶ ಬಹಳ ಚೆನ್ನಾಗಿದೆ. ಆದರೆ ಟಿಶ್ಯೂ ವಾಲ್ವ್‌ನ ನಿಜವಾದ ಪರೀಕ್ಷೆ ಶುರುವಾಗುವುದೇ ಹತ್ತು ವರ್ಷದ ಮೇಲೆ. ಟ್ರೈಫೆಕ್ಟಾ ಎಂಬ ಕವಾಟ ರಕ್ತವನ್ನು ಸರಾಗವಾಗಿ ಹರಿಯಬಿಡುತ್ತದೆಂದು ಹೆಸರಾಗಿತ್ತು. ಅದು ನಿರೀಕ್ಷೆಗಿಂತ ಬೇಗ ಕೆಡುತ್ತಿದೆಯೆಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಬಳಿಕ ಅದು ಮಾರುಕಟ್ಟೆಯಿಂದ ಹೊರಬಿತ್ತು.

ಮೆಕ್ಯಾನಿಕಲ್ ವಾಲ್ವ್‌ನ ಬೆಲೆ ತೆರುವುದು ದಿನನಿತ್ಯದ ಬದುಕಿನಲ್ಲಿ. ವಾರ್ಫರಿನ್, ಇಲ್ಲವೇ ನಮ್ಮಲ್ಲಿ ಅಸಿಟ್ರಾಮ್ ಹೆಸರಿನಲ್ಲಿ ಪರಿಚಿತವಾದ ಅಸಿನೊಕುಮರಾಲ್ ಮಾತ್ರೆ ತಪ್ಪಬಾರದು. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಿನವರಲ್ಲಿ 2ರಿಂದ 3.5ರ ಒಳಗೆ, ವೈದ್ಯರು ಗೊತ್ತುಪಡಿಸಿದ ಮಿತಿಯಲ್ಲಿ ನಿಲ್ಲಬೇಕು. ಕೆಳಗಿಳಿದರೆ ಕವಾಟದಲ್ಲಿ ಹೆಪ್ಪುಗಟ್ಟಿ ಅದು ಸಿಕ್ಕಿಕೊಳ್ಳಬಹುದು ಅಥವಾ ಪಾರ್ಶ್ವವಾಯು ಆಗಬಹುದು, ಮೇಲೇರಿದರೆ ರಕ್ತಸ್ರಾವ. ಸೊಪ್ಪಿನ ಪ್ರಮಾಣ ದಿಢೀರನೆ ಬದಲಾದರೂ, ಬೇರೆ ಔಷಧ ಸೇರಿಕೊಂಡರೂ ಅಂಕಿ ಏರುಪೇರಾಗುತ್ತದೆ. ಪದೇಪದೇ ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಇಲ್ಲಿ ಕೆಲಸಕ್ಕೆ ಬಾರವು. ಮೆಕ್ಯಾನಿಕಲ್ ವಾಲ್ವ್ ಇರುವವರಲ್ಲಿ ಅವುಗಳಲ್ಲೊಂದಾದ ಡಾಬಿಗಟ್ರಾನ್‌ನ ಪ್ರಯೋಗ ಅಪಾಯ ಕಂಡು ಅರ್ಧಕ್ಕೇ ನಿಂತಿತು.

ಭಾರತದಲ್ಲಿ ಆಯ್ಕೆ ಕಗ್ಗಂಟಾಗುವುದು ರುಮ್ಯಾಟಿಕ್ ಹೃದ್ರೋಗದಿಂದ. ಅದು ಹೆಚ್ಚಾಗಿ ಬಡಕುಟುಂಬಗಳ ಕಿರಿಯರನ್ನು ಹಿಡಿಯುತ್ತದೆ, ಅದರಲ್ಲೂ ಮೈಟ್ರಲ್ ಕವಾಟವನ್ನು. ವಯಸ್ಸು, ಸ್ಥಾನ ಎರಡೂ ಮೆಕ್ಯಾನಿಕಲ್ ಕಡೆಗೆ ಬೊಟ್ಟು ಮಾಡುತ್ತವೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲ ಬಾರಿಗೆ ಅಳವಡಿಸಿದ ಚಿತ್ರಾ ಕವಾಟ ಇಂಥ ರೋಗಿಗಳ ಕೈಗೆಟುಕಲೆಂದೇ ಬಂದದ್ದು. ಆದರೆ ಐಎನ್‌ಆರ್ ಪರೀಕ್ಷೆಗೆ ತಾಲ್ಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಬಸ್ಸು ಹಿಡಿಯಬೇಕಾದ ಹಳ್ಳಿಯ ಕೂಲಿಕಾರರಿಗೆ ತಪ್ಪದ ತಪಾಸಣೆ ಎಂಬುದು ಸುಲಭದ ಮಾತಲ್ಲ. ಮಕ್ಕಳನ್ನು ಹೆರಬಯಸುವ ಮಹಿಳೆಯರ ಇಕ್ಕಟ್ಟು ಬೇರೆ. ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು, ನಿಲ್ಲಿಸಿದರೆ ತಾಯಿಯ ಕವಾಟಕ್ಕೆ ಅಪಾಯ. ಅಂಥವರು ಇನ್ನೊಂದು ಶಸ್ತ್ರಚಿಕಿತ್ಸೆ ಖಚಿತವೆಂದು ತಿಳಿದೂ ಟಿಶ್ಯೂ ವಾಲ್ವ್ ಆರಿಸಿಕೊಂಡರೆ ಅದನ್ನು ಅವಿವೇಕ ಎನ್ನಲಾಗದು.

2020ರ ಅಮೆರಿಕದ ಮಾರ್ಗಸೂಚಿ ಅಯೋರ್ಟಿಕ್ ಕವಾಟಕ್ಕೆ ಐವತ್ತರ ಒಳಗಿನವರಿಗೆ ಮೆಕ್ಯಾನಿಕಲ್, ಅರವತ್ತೈದು ದಾಟಿದವರಿಗೆ ಟಿಶ್ಯೂ ಎನ್ನುತ್ತದೆ. ನಡುವಿನವರಿಗೆ ಚರ್ಚಿಸಿ ನಿರ್ಧಾರ. ಮೈಟ್ರಲ್‌ಗೆ ಗಡಿ ಅರವತ್ತೈದೇ. ಕ್ಯಾಲಿಫೋರ್ನಿಯಾದ ರೋಗಿಗಳ ದಾಖಲೆಗಳನ್ನು ಆಧರಿಸಿ 2017ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲಿ ಮೆಕ್ಯಾನಿಕಲ್ ವಾಲ್ವ್ ಪಡೆದವರಲ್ಲಿ ಸಾವು ಕಡಿಮೆಯಿತ್ತು: ಅಯೋರ್ಟಿಕ್‌ನಲ್ಲಿ ಐವತ್ತೈದರವರೆಗೆ, ಮೈಟ್ರಲ್‌ನಲ್ಲಿ ಎಪ್ಪತ್ತರವರೆಗೆ. ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಮುಂತಾದ ಕಾರಣಕ್ಕೆ ರಕ್ತ ತೆಳುಮಾಡುವ ಮಾತ್ರೆ ಹೇಗೂ ನುಂಗಬೇಕಿರುವವರಿಗೆ ಟಿಶ್ಯೂ ವಾಲ್ವ್‌ನ ದೊಡ್ಡ ಲಾಭವೇ ಕರಗುತ್ತದೆ. ಹಂದಿ, ದನ ಎಂಬ ಮೂಲದ ಬಗ್ಗೆ ನಂಬಿಕೆಯ ತಕರಾರು ಇರುವವರೂ ಇದ್ದಾರೆ. ಅದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸಂಕೋಚವಿಲ್ಲದೆ ಹೇಳಬೇಕು.

ಕೆಟ್ಟ ಟಿಶ್ಯೂ ವಾಲ್ವ್‌ನ ಒಳಗೇ, ತೊಡೆಯ ರಕ್ತನಾಳದ ಮೂಲಕ ಹೊಸದನ್ನು ಕೂರಿಸುವ ವಿಧಾನ ಈಗಿದೆ. ಅಲೆನ್ ಕ್ರಿಬಿಯೆ 2002ರಲ್ಲಿ ಫ್ರಾನ್ಸಿನ ರುವಾಂ ನಗರದಲ್ಲಿ ಮೊದಲಿಗೆ ಮಾಡಿ ತೋರಿಸಿದ, ಎದೆ ತೆರೆಯದೆ ಅಯೋರ್ಟಿಕ್ ಕವಾಟ ಕೂರಿಸುವ ಟಾವಿ ತಂತ್ರದಿಂದ ಅದು ಬೆಳೆದುಬಂತು. ಇದರ ಭರವಸೆಯ ಮೇಲೆ ಕಿರಿಯರಿಗೂ ಟಿಶ್ಯೂ ವಾಲ್ವ್ ಹಾಕುವ ಒಲವು ಹೆಚ್ಚುತ್ತಿದೆ. ಭರವಸೆಗೂ ಮಿತಿಯಿದೆ. ಮೊದಲ ಕವಾಟ 19 ಅಥವಾ 21 ಮಿಲಿಮೀಟರಿನ ಚಿಕ್ಕದಾಗಿದ್ದರೆ ಅದರೊಳಗಿನ ಎರಡನೆಯದು ದಾರಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ. ಕೆಲವರಲ್ಲಿ ಹೃದಯಕ್ಕೆ ರಕ್ತ ಪೂರೈಸುವ ಕೊರೊನರಿ ನಾಳದ ಬಾಯಿ ಮುಚ್ಚುವ ಅಪಾಯವೂ ಉಂಟು. ಆದ್ದರಿಂದ ‘ಇದು ಕೆಟ್ಟಾಗ ಮುಂದೇನು, ಎಷ್ಟು ದೊಡ್ಡ ಕವಾಟ ಹಿಡಿಸುತ್ತದೆ?’ ಎಂಬ ಪ್ರಶ್ನೆಯನ್ನು ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನವೇ ಕೇಳಬೇಕು.

ಟಿಶ್ಯೂ ವಾಲ್ವ್ ಕೆಡುವುದು ಬಹುಪಾಲು ನಿಧಾನವಾಗಿ. ಶಸ್ತ್ರಚಿಕಿತ್ಸೆಯಾದ ಒಂದೆರಡು ತಿಂಗಳಲ್ಲಿ ಮಾಡಿಸಿದ ಎಕೋ ಮುಂದಿನ ಹೋಲಿಕೆಗೆ ಆಧಾರ. ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ, ಹತ್ತು ವರ್ಷ ದಾಟಿದ ಮೇಲಂತೂ ವರ್ಷಕ್ಕೊಮ್ಮೆ ಮಾಡಿಸಬೇಕು. ಹೊಸದಾಗಿ ಏದುಸಿರು, ಕಾಲು ಊತ ಕಂಡರೆ ಸರದಿಗೆ ಕಾಯಬಾರದು. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯ ದಂತವೈದ್ಯರಿಗೆ ತಿಳಿಸಬೇಕು, ಸೋಂಕು ತಡೆಯಲು ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಕವಾಟದ ಮಾದರಿ, ಅಳತೆ, ಹಾಕಿದ ದಿನಾಂಕ ಬರೆದ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನ ಮಾಡಿ. ಮುಂದೊಂದು ದಿನ ಎರಡನೆಯ ಕವಾಟದ ಮಾತು ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.