ಗೋಣಿಚೀಲ ಹೊದ್ದ ಗೂಡು

ಮೂರು ವರ್ಷದ ಹಿಂದೆ, ಡಿಸೆಂಬರ್ ನಡುವಿನಲ್ಲಿ, ನಮ್ಮ ಕೋಳಿಗೂಡಿಗೆ ನಾನೇ ಕೈಯಾರೆ ಗೋಣಿಚೀಲ ಹೊದಿಸಿದೆ. ಮೂಡಿಗೆರೆ ಕಡೆಯ ಮಾಗಿಚಳಿ ಗೊತ್ತಲ್ಲ, ಬಿಸಿಲು ಏರುವವರೆಗೂ ಕಾಫಿ ಗಿಡದಿಂದ ಇಬ್ಬನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಜಾಲರಿಯ ಸುತ್ತ ಚೀಲ ಕಟ್ಟಿ, ಸೂರಿನ ಕೆಳಗಿನ ಸಂದಿಗೆ ಹಳೇ ಬಟ್ಟೆ ತುರುಕಿ, ಹನ್ನೆರಡು ಕೋಳಿಗಳೂ ಬೆಚ್ಚಗಿವೆ ಎಂದುಕೊಂಡು ಹೋಗಿ ಮಲಗಿದೆ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯಿತು. ಮೇಲಿನ ತಗಡಿನ ಒಳಮೈಯಲ್ಲಿ ನೀರು ಹನಿಗಟ್ಟಿ ಕೋಳಿಗಳ ಬೆನ್ನ ಮೇಲೆ ಬೀಳುತ್ತಿತ್ತು. ಎರಡು ಹೇಂಟೆ ಸೀನುತ್ತಿದ್ದವು. ಪಕ್ಕದ ತೋಟದ ಅಜ್ಜಿ ಇಣುಕಿ ನೋಡಿ, "ಇದೆಂತದಾ ಮಾರಾಯ, ಕಡುಬು ಬೇಯಿಸಿದ ಹಾಗೆ ಕೋಳಿ ಬೇಯಿಸ್ತಿದ್ದೀಯ?" ಎಂದರು.

ಆ ನೀರು ಹೊರಗಿನಿಂದ ಬಂದದ್ದಲ್ಲ. ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಎಲ್ಲವೂ ಹಿಕ್ಕೆಯೊಂದಿಗೇ ಹೋಗುತ್ತದೆ. ಹಸಿ ಹಿಕ್ಕೆಯ ಮುಕ್ಕಾಲು ಭಾಗ ನೀರೇ. ಅದರ ಮೇಲೆ ಇಡೀ ರಾತ್ರಿ ಹನ್ನೆರಡು ಕೋಳಿಗಳ ಬಿಸಿಯುಸಿರು. ಈ ತೇವ ಮೇಲೇರಿ ಹೊರಹೋಗಲು ದಾರಿ ಕಾಣದೆ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಒದ್ದೆ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾಗಳು ಯೂರಿಕ್ ಆಮ್ಲವನ್ನು ಒಡೆದು ಅಮೋನಿಯ ಮಾಡುತ್ತವೆ. ನನ್ನ ಕಣ್ಣು ಉರಿಸಿದ್ದು ಅದು. ಕೋಳಿಯ ಶ್ವಾಸನಾಳದ ಒಳಪದರದಲ್ಲಿ ಧೂಳು, ರೋಗಾಣುಗಳನ್ನು ಹೊರದೂಡುವ ಸೂಕ್ಷ್ಮ ರೋಮಗಳಿವೆ. ಅಮೋನಿಯ ಅವನ್ನೇ ಕೆಡಿಸುತ್ತದೆ, ಆಮೇಲೆ ನೆಗಡಿ, ಕೆಮ್ಮುಗಳಿಗೆ ಬಾಗಿಲು ತೆರೆದ ಹಾಗೆ. ಚಳಿಯಿಂದ ಕಾಪಾಡಲು ಹೋಗಿ ನಾನು ಮಾಡಿದ್ದು ಇಷ್ಟು.

ಬೆಳೆದ ಕೋಳಿಗೆ ನಮ್ಮ ಚಳಿ ಒಂದು ಚಳಿಯೇ ಅಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮಗೆ ಅಷ್ಟು ಏರಿದರೆ ಆಸ್ಪತ್ರೆಗೆ ಓಡಬೇಕು. ಈ ಒಲೆಯನ್ನು ಅದು ಕಾಯ್ದುಕೊಳ್ಳುವುದು ಗರಿಗಳಿಂದ, ಅದಕ್ಕಿಂತ ಹೆಚ್ಚಾಗಿ ಗರಿಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಚಳಿಯಾದಾಗ ಕೋಳಿ ಚೆಂಡಿನಂತೆ ಊದಿಕೊಳ್ಳುವುದನ್ನು ನೋಡಿರುತ್ತೀರಿ. ಪ್ರತಿ ಗರಿಯ ಬುಡದ ಸಣ್ಣ ಸ್ನಾಯುಗಳು ಗರಿಯನ್ನು ನಿಮಿರಿಸಿ ಗಾಳಿಯ ಪದರವನ್ನು ದಪ್ಪ ಮಾಡುತ್ತವೆ. ಗರಿ ಒದ್ದೆಯಾದರೆ ಅಥವಾ ಗಾಳಿ ನೇರವಾಗಿ ಮೈಗೆ ಬೀಸಿದರೆ ಈ ಪದರ ಕೆಡುತ್ತದೆ. ಹಾಗಾಗಿ ಗಾಳಿ ಬರಬೇಕಾದ್ದು ಕೋಳಿ ಕೂರುವ ಎತ್ತರದಲ್ಲಲ್ಲ, ಅದರ ತಲೆಗಿಂತ ಮೇಲೆ, ಸೂರಿನ ಕೆಳಗೆ. ನಾನು ಬಟ್ಟೆ ತುರುಕಿದ್ದು ಸರಿಯಾಗಿ ಅಲ್ಲಿಗೇ!

ಕಾಲಿನ ಕಥೆ ಇನ್ನೂ ಸೊಗಸು. ಗರಿಯಿಲ್ಲದ ಆ ಸಪೂರ ಕಾಲುಗಳಿಂದ ಬಿಸಿಯೆಲ್ಲ ಸೋರಿಹೋಗಬೇಕಿತ್ತು. ಆದರೆ ಕಾಲಿಗೆ ಇಳಿಯುವ ಬಿಸಿರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಒತ್ತಿಕೊಂಡು ಸಾಗುತ್ತವೆ. ಹಂಡೆಯ ಬಿಸಿನೀರಿನ ಪೈಪಿಗೆ ತಣ್ಣೀರಿನ ಪೈಪನ್ನು ಅಂಟಿಸಿ ಕಟ್ಟಿದರೆ ಹೇಗೋ ಹಾಗೆ: ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸಿ, ಪಾದ ಮುಟ್ಟುವಷ್ಟರಲ್ಲಿ ತಾನು ತಣ್ಣಗಾಗಿರುತ್ತದೆ. ಪಾದ ತಣ್ಣಗಿದ್ದಷ್ಟೂ ನೆಲಕ್ಕೆ ಸೋರುವ ಬಿಸಿ ಕಡಿಮೆ. ಆದ್ದರಿಂದ ಕೋಳಿಯ ಕಾಲು ಮುಟ್ಟಿ ನೋಡಿ "ಅಯ್ಯೋ, ಎಷ್ಟು ತಣ್ಣಗಿದೆ" ಎಂದು ಮರುಗಬೇಕಿಲ್ಲ. ಆದರೆ ರಾತ್ರಿ ಕೂರುವ ಗಳ ಮಾತ್ರ ಸ್ವಲ್ಪ ಅಗಲವಿರಲಿ. ಅಗಲದ ಪಟ್ಟಿಯ ಮೇಲೆ ಕೋಳಿ ಕುಕ್ಕರಿಸಿದರೆ ಎದೆಯ ಗರಿ ಬೆರಳುಗಳನ್ನು ಮುಚ್ಚುತ್ತದೆ. ಕಬ್ಬಿಣದ ಪೈಪಿನ ಮೇಲೆ ಕೂರಿಸಿದರೆ ಬೆರಳಿನ ಬಿಸಿಯನ್ನೆಲ್ಲ ಪೈಪು ಎಳೆದುಕೊಳ್ಳುತ್ತದೆ.

ಉಳಿದದ್ದು ಜುಟ್ಟು. ಅದಕ್ಕೆ ಗರಿಯೂ ಇಲ್ಲ, ಕಾಲಿನಂಥ ಏರ್ಪಾಡೂ ಇಲ್ಲ. ಬೇಸಿಗೆಯಲ್ಲಿ ಮೈ ಬಿಸಿ ಹೊರಹಾಕುವುದೇ ಅದರ ಕೆಲಸ. ರಾತ್ರಿ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ ಹೇಗೋ ಸಂಭಾಳಿಸಬಹುದು, ಆದರೆ ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ಅಷ್ಟು ಸಾಲದು. ಜುಟ್ಟಿನ ತುದಿ ಮರಗಟ್ಟಿ, ಕಪ್ಪಾಗಿ, ಉದುರಿಬೀಳುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಮಠದಲ್ಲಿದ್ದ ವಿಲ್ಫ್ರಿಡ್ ಶಾಟ್‌ಲೆನ್ ಎಂಬ ಸನ್ಯಾಸಿ ಕಳೆದ ಶತಮಾನದ ಆರಂಭದಲ್ಲಿ ಇದಕ್ಕೆ ಪರಿಹಾರ ಹುಡುಕಿ ವರ್ಷಗಟ್ಟಲೆ ತಳಿ ಬೆರೆಸಿದರು. ಹಾಗೆ ಹುಟ್ಟಿದ್ದು ಶಾಂಟೆಕ್ಲೇರ್ ತಳಿ. ಅದರ ತಲೆಯ ಮೇಲೆ ಜುಟ್ಟಿನ ಬದಲು ಒಂದು ಪುಟ್ಟ ಗುಬುಟು, ಗಲ್ಲದ ಕೆಳಗಿನ ಜೋಲು ಇದ್ದೂ ಇಲ್ಲದ ಹಾಗೆ. 1921ರಲ್ಲಿ ಅಮೆರಿಕದ ಕೋಳಿ ಸಂಘ ಅದಕ್ಕೆ ಮಾನ್ಯತೆ ಕೊಟ್ಟಿತು. ನಮ್ಮ ಕಡೆ ಅಲ್ಲಲ್ಲಿ ಕಾಣುವ ಬೋಳುಕತ್ತಿನ ಕೋಳಿ ಇದಕ್ಕೆ ತೀರಾ ಉಲ್ಟಾ. ಗರಿ ಕಡಿಮೆಯಾದ್ದರಿಂದ ಸೆಕೆಗೆ ಅದು ಹೇಳಿ ಮಾಡಿಸಿದ್ದು, ಚಳಿಗೆ ಅಲ್ಲ. ವಿಚಿತ್ರವೆಂದರೆ ಓಕಾದ ಕೋಳಿಯೂ ಮೂಡಿಗೆರೆಯ ಕೋಳಿಯೂ ಆಗ್ನೇಯ ಏಷ್ಯಾದ ಬೆಚ್ಚನೆಯ ಕಾಡುಗಳ ಕೆಂಪು ಕಾಡುಕೋಳಿಯ ಸಂತಾನವೇ.

ಚಳಿಗೆ ನಿಜವಾಗಿ ಹೆದರಬೇಕಾದ್ದು ಮರಿಗಳ ವಿಷಯದಲ್ಲಿ. ರಾಗಿಮುದ್ದೆ ಉಂಡವರಿಗೆ ಇದರ ಕಾರಣ ಹೇಳಬೇಕಿಲ್ಲ: ದೊಡ್ಡ ಮುದ್ದೆ ತುಂಬ ಹೊತ್ತು ಬಿಸಿಯಾಗಿರುತ್ತದೆ, ಮುರಿದ ತುತ್ತು ಬೆರಳಲ್ಲೇ ಆರುತ್ತದೆ. 30 ಗ್ರಾಂನ ನಾಟಿ ಮರಿ 1.5 ಕಿಲೋ ತೂಗುವ ತಾಯಿಗಿಂತ ತೂಕದಲ್ಲಿ 50 ಪಟ್ಟು ಚಿಕ್ಕದು, ಆದರೆ ಮೈಯ ಹರವಿನಲ್ಲಿ ಸುಮಾರು 14 ಪಟ್ಟು ಮಾತ್ರ ಚಿಕ್ಕದು. ಅಂದರೆ ಒಂದೊಂದು ಗ್ರಾಂ ಮೈಗೂ ಬಿಸಿ ಸೋರುವ ಜಾಗ ತಾಯಿಗಿಂತ ನಾಲ್ಕು ಪಟ್ಟಿನಷ್ಟು ಹೆಚ್ಚು. ಹೊದ್ದುಕೊಳ್ಳಲು ಗರಿ ಬಂದಿಲ್ಲ, ಇರುವುದು ಬರೀ ನವಿರು ತುಪ್ಪಳ. ಒಳಗಿನ ಒಲೆಯೂ ಇನ್ನೂ ಸರಿಯಾಗಿ ಹತ್ತಿಲ್ಲ. ಮೊಟ್ಟೆಯಿಂದ ಬಂದ ಮರಿಯ ಮೈ ಬಿಸಿ ತಾಯಿಯದಕ್ಕಿಂತ ಒಂದೆರಡು ಡಿಗ್ರಿ ಕಡಿಮೆಯೇ ಇದ್ದು, ಸಮಕ್ಕೆ ಬರಲು ಎರಡು ಮೂರು ವಾರ ಬೇಕು.

ಅದಕ್ಕೇ ಮೊದಲ ವಾರ 32ರಿಂದ 35 ಡಿಗ್ರಿ ಕಾವು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬರಬೇಕು ಎಂಬ ಲೆಕ್ಕ. ಮರಿಗೆ ಎರಡು ವ್ಯಾಟ್ ಎಂದು ಸಾಕಣೆಯವರು ಹೇಳುವುದೂ ಉಂಟು. ಇಲ್ಲೊಂದು ಹೊಸ ಕಾಲದ ಎಡವಟ್ಟಿದೆ. ಈ ವ್ಯಾಟಿನ ಲೆಕ್ಕ ಹಳೆಯ ತಂತಿ ಬಲ್ಬಿನದು. ಅದು ನುಂಗಿದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಸಿಯಾಗುತ್ತಿತ್ತು. ಬೆಳಕಿನ ಮಟ್ಟಿಗೆ ದಂಡ, ಮರಿಗಳ ಮಟ್ಟಿಗೆ ತಾಯಿ. ಈಗ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬು ತಂದು ಕಟ್ಟಿದವರು, ಝಗಮಗ ಬೆಳಕಿನಲ್ಲಿ ಮರಿಗಳು ಯಾಕೆ ನಡುಗುತ್ತಿವೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಕೋಳಿ ಸಾಮಾನಿನ ಅಂಗಡಿಯಲ್ಲಿ ಕಾವಿನ ಬಲ್ಬೆಂದೇ ಕೇಳಿ ತರಬೇಕು, ತಂದದ್ದನ್ನು ಸರಪಳಿಯಲ್ಲಿ ಭದ್ರವಾಗಿ ತೂಗುಹಾಕಬೇಕು. ಒಣ ಹೊಟ್ಟಿನ ಮೇಲೆ ಅದು ಕಳಚಿ ಬಿದ್ದರೆ ಗೂಡಿಗೇ ಬೆಂಕಿ. ಕರೆಂಟು ಹೋಯಿತೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಬೋಸಿ ಇಡುವುದು ಇನ್ನೂ ಕೆಟ್ಟದ್ದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಮರಿಗಳ ಜೊತೆ ಕಾವಲಿಗೆ ಮಲಗಿದ ಮನುಷ್ಯನನ್ನೂ ಅದು ಬಿಡುವುದಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ, ಮರಿಗಳೇ ಥರ್ಮಾಮೀಟರು. ಬಲ್ಬಿನ ಕೆಳಗೆ ಒಂದರ ಮೇಲೊಂದು ಹತ್ತಿಕೊಂಡು ಚೀರುತ್ತಿದ್ದರೆ ಕಾವು ಸಾಲದು. ಅಂಚಿಗೆ ಓಡಿ ಕೊಕ್ಕು ತೆರೆದು ಏದುತ್ತಿದ್ದರೆ ಜಾಸ್ತಿಯಾಗಿದೆ. ಎಲ್ಲವೂ ಒಂದೇ ಮಗ್ಗುಲಿಗೆ ಸರಿದಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಗೋಡೆಗೆ ರಟ್ಟು ಬಾಗಿಸಿ ದುಂಡಗೆ ಮಾಡುವುದು ಒಳ್ಳೆಯದು. ಮೂಲೆಯಿದ್ದರೆ ಚಳಿಗೆ ಅಲ್ಲೇ ಒತ್ತರಿಸಿ, ಅಡಿಯಲ್ಲಿ ಸಿಕ್ಕ ಮರಿ ಉಸಿರುಗಟ್ಟಿ ಸಾಯುತ್ತದೆ.

ಮರಿಗಳಿರುವ ಇಡೀ ಡಬ್ಬವನ್ನು 35 ಡಿಗ್ರಿಗೆ ಕಾಯಿಸುವುದೂ ತಪ್ಪೇ. ಕಾವು ಕೂತ ಹೇಂಟೆಯ ಎದೆಯಡಿ ಗರಿ ಉದುರಿ, ಅಲ್ಲಿನ ಚರ್ಮಕ್ಕೆ ರಕ್ತನಾಳಗಳು ತುಂಬಿಕೊಂಡು, ಬಿಸಿ ಹಂಚಲೆಂದೇ ಒಂದು ಬೋಳು ಜಾಗ ತಯಾರಾಗುತ್ತದೆ. ಮರಿಗಳು ಅದರಡಿ ಮೈ ಕಾಯಿಸಿಕೊಂಡು ಹೊರಗೆ ಓಡುತ್ತವೆ, ನಾಲ್ಕು ಕಾಳು ಕುಕ್ಕುತ್ತವೆ, ಚಳಿಯಾದರೆ ಮತ್ತೆ ಒಳಗೆ. ಬೇಕಾದಾಗ ಹೋಗಲು ಬೆಚ್ಚನೆಯ ಒಂದು ಜಾಗ, ಬೇಡವಾದಾಗ ಬರಲು ತಂಪಿನ ಒಂದು ಜಾಗ, ಎರಡೂ ಮರಿಗೆ ಬೇಕು. ಅಜ್ಜಿಯ ಹೇಂಟೆ ಸೌದೆ ಕೊಟ್ಟಿಗೆಯಲ್ಲಿ ಯಾವ ಬಲ್ಬೂ ಇಲ್ಲದೆ ಆ ಮಾಗಿಯಲ್ಲೇ ಒಂಬತ್ತು ಮರಿ ಎಬ್ಬಿಸಿತ್ತು ಎಂಬುದನ್ನು ನಾನು ಒಲ್ಲದ ಮನಸ್ಸಿನಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಚಳಿಗೆ ಕೋಳಿ ಮೊಟ್ಟೆ ನಿಲ್ಲಿಸಿತು ಎನ್ನುವವರಿದ್ದಾರೆ. ಹೆಚ್ಚಿನ ತಪ್ಪು ಚಳಿಯದಲ್ಲ, ಬೆಳಕಿನದು: ಹಗಲು ಗಿಡ್ಡವಾದರೆ ಮೊಟ್ಟೆಯೂ ಕಡಿಮೆ. ಹಕ್ಕಿಯ ಮಿದುಳಿನ ಆಳದಲ್ಲಿ ತಲೆಬುರುಡೆ ತೂರಿ ಬಂದ ಬೆಳಕನ್ನು ಗ್ರಹಿಸುವ ಕೋಶಗಳಿವೆ. ಕಣ್ಣಿಲ್ಲದ ಬಾತುಗಳೂ ಹಗಲು ಉದ್ದವಾದದ್ದನ್ನು ಅರಿಯುತ್ತವೆ ಎಂದು ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲೇ ತೋರಿಸಿದ್ದರು. ನಮ್ಮಲ್ಲಿ ಡಿಸೆಂಬರಿನ ಹಗಲಿಗೂ ಜೂನಿನ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರವಾದ್ದರಿಂದ ಕೆನಡಾದಷ್ಟು ತಾಪತ್ರಯವಿಲ್ಲ. ಕೋಳಿ ಗರಿ ಉದುರಿಸುತ್ತಿದ್ದರಂತೂ ಸುಮ್ಮನೆ ಬಿಡಿ, ಹೊಸ ಗರಿಗೆ ಪ್ರೋಟೀನು ಬೇಕು, ಮೊಟ್ಟೆಗೆ ಆಮೇಲೆ. ಚಳಿಗೆ ನೆರವಾಗಬೇಕೆಂದಿದ್ದರೆ, ಸಂಜೆ ಗೂಡಿಗೆ ಹೋಗುವ ಮುಂಚೆ ಒಂದು ಹಿಡಿ ಜೋಳವೋ ಭತ್ತವೋ ಹಾಕಿದರೆ ಕತ್ತಿನ ಬುಡದ ಚೀಲ ತುಂಬಿಕೊಂಡು, ರಾತ್ರಿಯಿಡೀ ನಿಧಾನವಾಗಿ ಅರಗುತ್ತದೆ. ಅರಗುವ ಕೆಲಸವೇ ಬಿಸಿ ಹುಟ್ಟಿಸುತ್ತದೆ.

ಅಜ್ಜಿ ಇಣುಕಿದ ಆ ದಿನ ನಾನು ಮೊದಲು ಕಿತ್ತದ್ದು ಸೂರಿನ ಬಟ್ಟೆ. ಚೀಲಗಳನ್ನು ಗಾಳಿ ಬೀಸುವ ಒಂದು ಬದಿಗೆ, ಸೊಂಟದೆತ್ತರಕ್ಕೆ ಮಾತ್ರ ಉಳಿಸಿದೆ. ಒದ್ದೆ ಹೊಟ್ಟು ಬಾಚಿ ಕಾಫಿ ಗಿಡದ ಬುಡಕ್ಕೆ ಹಾಕಿ, ನಾಲ್ಕು ಬೆರಳು ದಪ್ಪ ಒಣ ಹೊಟ್ಟು ಹರಡಿದೆ. ಸೀನು ವಾರದೊಳಗೆ ನಿಂತಿತು. ಆಗ ನಾನು ರಟ್ಟಿನ ಸುತ್ತಿನಲ್ಲಿ ಬಲ್ಬು ಕಟ್ಟಿ ಸಾಕುತ್ತಿದ್ದ ಮರಿಗಳಿಗೆ ಐದನೇ ವಾರ ಗರಿ ಪೂರ್ತಿ ಬಂದಿತ್ತು, ಬಲ್ಬು ಕಿತ್ತೆ. ಆಮೇಲೂ ಮೂರ್ನಾಲ್ಕು ರಾತ್ರಿ ಅವು ಬರೀ ಸರಪಳಿ ನೇತಾಡುತ್ತಿದ್ದ ಜಾಗದ ಕೆಳಗೇ ಗುಂಪುಗೂಡಿ ಮಲಗಿದವು.