ಪೊರೆಗೆ ಹೆದರಿ ಮಾತ್ರೆ ಬಿಡಬೇಡಿ

ತಿಪಟೂರಿನ ನಮ್ಮ ಚಿಕ್ಕಮ್ಮನಿಗೆ ಬಹಳ ವರ್ಷಗಳ ಸಂಧಿವಾತ. ಒಂದು ಕಾಲಕ್ಕೆ ಬೆಳಗ್ಗೆ ಎದ್ದರೆ ಕಾಫಿ ಲೋಟ ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದ ಮೇಲೆ ಅವರು ಮತ್ತೆ ರೊಟ್ಟಿ ತಟ್ಟಿದರು, ಹೂ ಕಟ್ಟಿದರು. ಆರು ವರ್ಷ ಹಾಗೇ ಕಳೆಯಿತು. ಒಂದು ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ಅಕ್ಕಿ ಆರಿಸುತ್ತಿದ್ದವರು ಮೊರ ಎತ್ತಿಕೊಂಡು ನಡುಮನೆಯ ಮಬ್ಬಿಗೆ ಹೋಗಿ ಕೂತರು. ‘ಬಿಸಿಲಲ್ಲಿ ಎಲ್ಲಾ ಬೆಳ್ಳಗೆ ಕಾಣುತ್ತೆ ಕಣೋ, ಇಲ್ಲಾದ್ರೆ ಕಲ್ಲು ಗೊತ್ತಾಗುತ್ತೆ’ ಅಂದರು. ನಾವ್ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ. ಅದು ಕಣ್ಣಿನ ಪೊರೆಯ ಮೊದಲ ಸುಳಿವು ಎಂದು ಗೊತ್ತಾಗಲು ಇನ್ನೂ ಎಂಟು ತಿಂಗಳು ಬೇಕಾಯಿತು.

ಗೊತ್ತಾದ ಮೇಲೆ ಇನ್ನೊಂದು ಅನಾಹುತವಾಯಿತು, ಅದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮನೆಗಳಲ್ಲಿ ನಾನು ಕೇಳಿರುವ ಮಾತುಗಳು ಹೆಚ್ಚುಕಡಿಮೆ ಒಂದೇ. ಅವುಗಳಲ್ಲಿ ಕೆಲವು ಬರೀ ತಪ್ಪು, ಕೆಲವು ಜೀವಕ್ಕೇ ಕುತ್ತು ತರುವಂಥವು.

ತಪ್ಪು ಕಲ್ಪನೆ: ಪೊರೆ ಬರುವುದು ಮುದುಕರಿಗೆ. ನನಗಿನ್ನೂ ಮೂವತ್ತೈದು.

ವಾಸ್ತವ: ವಯಸ್ಸಿನಿಂದ ಬರುವ ಪೊರೆಯೇ ಬೇರೆ, ಸ್ಟೀರಾಯ್ಡ್‌ನಿಂದ ಬರುವುದೇ ಬೇರೆ. ನಮ್ಮ ಕಣ್ಣಿನ ಮಸೂರ ತೆಳುವಾದ ಚೀಲದೊಳಗಿರುವ ಪಾರದರ್ಶಕ ಬಿಲ್ಲೆ. ಆ ಚೀಲದ ಮುಂಭಾಗಕ್ಕೆ ಮಾತ್ರ ಜೀವಕೋಶಗಳ ಒಂದು ಪದರ ಅಂಟಿಕೊಂಡಿರುತ್ತದೆ, ಹಿಂಭಾಗ ಖಾಲಿ. ಸ್ಟೀರಾಯ್ಡ್ ದೀರ್ಘಕಾಲ ದೇಹದಲ್ಲಿದ್ದಾಗ ಕೆಲವರಲ್ಲಿ ಈ ಕೋಶಗಳು ಅಡ್ಡದಾರಿ ಹಿಡಿದು ಹಿಂಭಾಗಕ್ಕೆ ಸರಿದು, ಸರಿಯಾಗಿ ನಡುಮಧ್ಯದಲ್ಲಿ ಗುಂಪುಗೂಡುತ್ತವೆ. ಪೊರೆ ಚಿಕ್ಕದೇ, ಆದರೆ ಕೂತಿರುವ ಜಾಗ ಬೆಳಕಿನ ಹೆದ್ದಾರಿ.

ಚಿಕ್ಕಮ್ಮನ ಮೊರದ ಗುಟ್ಟೂ ಇದೇ. ಬಿಸಿಲಿಗೆ ಕಣ್ಣಿನ ಪಾಪೆ ಕುಗ್ಗುತ್ತದೆ, ಬೆಳಕೆಲ್ಲ ಆ ನಡುವಿನ ಕಲೆಯ ಮೂಲಕವೇ ಹಾದುಹೋಗಬೇಕಾಗುತ್ತದೆ. ಮಬ್ಬಿನಲ್ಲಿ ಪಾಪೆ ಅಗಲವಾಗಿ, ಕಲೆಯ ಸುತ್ತಲಿನ ತಿಳಿಭಾಗದಿಂದಲೂ ಬೆಳಕು ಒಳಗೆ ಬರುತ್ತದೆ. ಓದುವಾಗಲೂ ಪಾಪೆ ಕುಗ್ಗುವುದರಿಂದ ದೂರದ್ದು ಕಂಡರೂ ಪೇಪರಿನ ಅಕ್ಷರ ಕಲಸಿಹೋಗುತ್ತದೆ. ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟ್ ಕಣ್ಣು ಕುಕ್ಕುತ್ತದೆ. ಮಬ್ಬುಗತ್ತಲೆಯ ಕೋಣೆಯಲ್ಲಿ ಗೋಡೆಯ ಅಕ್ಷರಗಳನ್ನೆಲ್ಲ ಓದಿಬಿಟ್ಟು ‘ಕಣ್ಣು ಚೆನ್ನಾಗಿದೆ’ ಎಂದು ವಾಪಸು ಬರುವವರು ಇದ್ದಾರೆ. ಪಾಪೆ ಹಿಗ್ಗಿಸುವ ಹನಿ ಹಾಕಿ ಸ್ಲಿಟ್‌ಲ್ಯಾಂಪಿನಲ್ಲಿ ನೋಡಿದಾಗಲೇ ಇದು ಸ್ಪಷ್ಟವಾಗಿ ಸಿಗುವುದು.

ಕಾರ್ಟಿಸೋನ್ ಎಂಬ ಮೊದಲ ಸ್ಟೀರಾಯ್ಡನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಕೊಟ್ಟದ್ದು ಸಂಧಿವಾತದ ರೋಗಿಗೇ. ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಹತ್ತು ವರ್ಷ ಕಳೆದು 1960ರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಪಡೆದ ಸಂಧಿವಾತದ ರೋಗಿಗಳ ಕಣ್ಣಲ್ಲಿ ಈ ಹಿಂಬದಿಯ ಪೊರೆ ಕಾಣಿಸುತ್ತಿದೆ ಎಂದು ವೈದ್ಯರು ಮೊದಲು ವರದಿ ಮಾಡಿದರು. ಮೂತ್ರಪಿಂಡದ ನೆಫ್ರೋಟಿಕ್ ತೊಂದರೆಗೆ ಮಾತ್ರೆ ನುಂಗುವ ಮಕ್ಕಳಲ್ಲೂ ಇದು ಬರುತ್ತದೆ. ವಯಸ್ಸು ಇದಕ್ಕೆ ಅಡ್ಡಿಯೇ ಅಲ್ಲ.

ತಪ್ಪು ಕಲ್ಪನೆ: ಪೊರೆ ಕಂಡ ಕೂಡಲೇ ಸ್ಟೀರಾಯ್ಡ್ ನಿಲ್ಲಿಸಿಬಿಡಬೇಕು.

ವಾಸ್ತವ: ಆಗಲೇ ಹೇಳಿದ ಅನಾಹುತ ಇದು. ಪೊರೆಗೆ ಕಾರಣ ಈ ಮಾತ್ರೆ ಎಂದು ಕೇಳಿದ್ದೇ ತಡ, ಚಿಕ್ಕಮ್ಮ ಯಾರಿಗೂ ಹೇಳದೆ ಮಾತ್ರೆಯ ಡಬ್ಬಿ ಅಟ್ಟಕ್ಕೆ ಎಸೆದರು. ನಾಲ್ಕನೇ ದಿನ ವಾಂತಿ, ವಿಪರೀತ ಸುಸ್ತು. ಬಚ್ಚಲಿಗೆ ಹೋದವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಕರೆದೊಯ್ದಾಗ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ನಮಗೆ ಬೇಕಾದ ಕಾರ್ಟಿಸಾಲ್ ತಯಾರಿಸುತ್ತವೆ. ಹೊರಗಿನಿಂದ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಮತ್ತೆ ಏಳಲು ತಿಂಗಳುಗಳೇ ಬೇಕಾಗಬಹುದು. ಮಾತ್ರೆ ತಟ್ಟನೆ ನಿಂತರೆ ದೇಹದಲ್ಲಿ ಕಾರ್ಟಿಸಾಲ್ ಇಲ್ಲದಂತಾಗಿ ಜೀವವೇ ಹೋಗಬಹುದು. ಜೊತೆಗೆ ಅದುಮಿಟ್ಟಿದ್ದ ಮೂಲ ಕಾಯಿಲೆ, ಅದು ಲೂಪಸ್ ಇರಲಿ, ಆಸ್ತಮಾ ಇರಲಿ, ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸುವುದಿರಲಿ, ಹೆಡೆ ಎತ್ತುತ್ತದೆ. ಇನ್ನೊಂದು ವಿಷಯ: ಒಮ್ಮೆ ಬಂದ ಪೊರೆ ಮಾತ್ರೆ ಬಿಟ್ಟ ಮಾತ್ರಕ್ಕೆ ಸಾಮಾನ್ಯವಾಗಿ ತಿಳಿಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಹೋಗಿ ‘ಪೊರೆ ಬಂದಿದೆ, ಡೋಸ್ ಇಳಿಸಬಹುದಾ ಡಾಕ್ಟ್ರೇ? ಬದಲಿಗೆ ಬೇರೆ ಔಷಧ ಇದೆಯಾ?’ ಎಂದು ಕೇಳಬೇಕು. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್‌ನಂಥ ಔಷಧಗಳ ನೆರವಿನಿಂದ ಸ್ಟೀರಾಯ್ಡನ್ನು ಹಂತಹಂತವಾಗಿ ತಗ್ಗಿಸಬಹುದು. ಚಿಕ್ಕಮ್ಮನಿಗೂ ಹಾಗೇ ಮಾಡಿದರು. ಡೋಸ್ ಹೆಚ್ಚಿದಷ್ಟೂ, ವರ್ಷ ಕಳೆದಷ್ಟೂ ಪೊರೆಯ ಸಂಭವ ಹೆಚ್ಚು. ಆದರೆ ಇಷ್ಟು ಮಿಲಿಗ್ರಾಂ ದಾಟದಿದ್ದರೆ ಖಂಡಿತ ಬರದು ಎಂದು ಎಲ್ಲರಿಗೂ ಒಪ್ಪುವ ಗೆರೆ ಎಳೆಯಲಾಗದು. ಎರಡು ದಿನ, ಐದು ದಿನಕ್ಕೆಂದು ಕೊಟ್ಟ ಮಾತ್ರೆಗೆ ಮಾತ್ರ ಪೊರೆಯ ಭಯ ಬೇಡ.

ತಪ್ಪು ಕಲ್ಪನೆ: ಮಾತ್ರೆ ನುಂಗಿದರೆ ಮಾತ್ರ ತೊಂದರೆ. ಹನಿ, ಮುಲಾಮು, ಇನ್‌ಹೇಲರ್‌ಗಳಿಂದ ಏನೂ ಆಗದು.

ವಾಸ್ತವ: ಇದರಲ್ಲಿ ನನ್ನ ಹೊಟ್ಟೆ ಉರಿಸುವುದು ಕಣ್ಣಿನ ಹನಿಯ ವಿಚಾರ. ಬೇಸಿಗೆ ಬಂತೆಂದರೆ ಕೆಲವು ಮಕ್ಕಳು ಅಲರ್ಜಿಯಿಂದ ಕಣ್ಣು ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಳ್ಳುತ್ತಾರೆ. ವೈದ್ಯರು ಎರಡು ವಾರಕ್ಕೆಂದು ಸ್ಟೀರಾಯ್ಡ್ ಹನಿ ಬರೆಯುತ್ತಾರೆ. ಹಾಕಿದ ಮರುದಿನವೇ ಕಣ್ಣು ತಂಪು. ಮುಂದಿನ ಬೇಸಿಗೆಗೆ ಅಪ್ಪ ಹಳೇ ಬಾಟಲಿ ಹಿಡಿದು ನೇರ ಮೆಡಿಕಲ್ ಶಾಪಿಗೆ ಹೋಗುತ್ತಾನೆ, ಅದರ ಮುಂದಿನ ಬೇಸಿಗೆಗೂ ಅಷ್ಟೇ. ಚೀಟಿ ಇಲ್ಲದೆ ಮಾರಬಾರದ ಔಷಧ ಹೀಗೆ ವರ್ಷಗಟ್ಟಲೆ ಮಗುವಿನ ಕಣ್ಣಿಗೆ ಬೀಳುತ್ತದೆ. ಪೊರೆಯ ಜೊತೆಗೆ ಕಣ್ಣಿನ ಒತ್ತಡವೂ ಏರಿ, ಹೈಸ್ಕೂಲು ಮುಟ್ಟುವ ಹೊತ್ತಿಗೆ ದೃಷ್ಟಿನರ ಒಣಗಿಹೋದ ಮಕ್ಕಳನ್ನು ಕಣ್ಣಿನ ವೈದ್ಯರು ಕಾಣುತ್ತಲೇ ಇದ್ದಾರೆ. ಹನಿ ಬೇಡವೆಂದಲ್ಲ. ಪ್ರತಿ ಸಲವೂ ವೈದ್ಯರು ನೋಡಿಯೇ ಕೊಡಬೇಕು.

ಇನ್‌ಹೇಲರ್ ಮಾತು ಬೇರೆ. ಅದರಲ್ಲಿನ ಔಷಧ ಮಾತ್ರೆಗಿಂತ ಎಷ್ಟೋ ಕಡಿಮೆ, ಹೋಗುವುದೂ ನೇರ ಶ್ವಾಸಕೋಶಕ್ಕೆ. ಹೆಚ್ಚಿನ ಡೋಸನ್ನು ಬಹಳ ವರ್ಷ ಎಳೆದವರಲ್ಲಿ ಪೊರೆ ಸ್ವಲ್ಪ ಹೆಚ್ಚೆಂಬುದು ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಅಧ್ಯಯನದಲ್ಲಿ ಕಂಡಿತ್ತು, ಅದರ ವರದಿ ಬಂದದ್ದು 1997ರಲ್ಲಿ. ಅಷ್ಟಕ್ಕೆ ಹೆದರಿ ಇನ್‌ಹೇಲರ್ ಬಿಟ್ಟರೆ ಆಸ್ತಮಾ ಉಲ್ಬಣಿಸಿ, ಕೊನೆಗೆ ಮಾತ್ರೆಯನ್ನೇ ನುಂಗಬೇಕಾದೀತು. ಇನ್ನು ಮುಖದ ಬಣ್ಣ ತಿಳಿಯಾಗಲೆಂದು, ರೆಪ್ಪೆಯ ತುರಿಕೆಗೆಂದು ಹಚ್ಚುವ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್ ಮುಲಾಮುಗಳನ್ನು ಕಣ್ಣಿನ ಸುತ್ತ ಸ್ವಂತ ಬುದ್ಧಿಯಿಂದ ಹಚ್ಚಲೇಬಾರದು.

ತಪ್ಪು ಕಲ್ಪನೆ: ನಾನು ಸ್ಟೀರಾಯ್ಡನ್ನೇ ಮುಟ್ಟಿಲ್ಲ.

ವಾಸ್ತವ: ಮುಟ್ಟಿರಬಹುದು. ಸ್ಟೀರಾಯ್ಡ್ ಎಂದರೆ ಜಿಮ್ಮಿನ ಹುಡುಗರು ಮೈ ಬೆಳೆಸಲು ಚುಚ್ಚಿಕೊಳ್ಳುವುದು ಎಂದುಕೊಂಡವರು ಬಹಳ. ಅದು ಬೇರೆ ಜಾತಿ. ಇಲ್ಲಿ ಮಾತಾಡುತ್ತಿರುವುದು ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಡೆಫ್ಲಾಜಕಾರ್ಟ್ ಇಂಥವುಗಳ ಬಗ್ಗೆ. ಮಂಡಿನೋವಿಗೆ, ಉಬ್ಬಸಕ್ಕೆ ಎಂದು ಪೊಟ್ಟಣ ಕಟ್ಟಿ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ‘ಗಿಡಮೂಲಿಕೆ’ ತಿಂದ ಎರಡೇ ದಿನಕ್ಕೆ ವರ್ಷಗಳ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅನುಮಾನ ಪಡಿ. ಅಂಥ ಪುಡಿಯನ್ನೂ ತಟ್ಟನೆ ಬಿಡುವ ಮೊದಲು ವೈದ್ಯರಿಗೆ ತೋರಿಸಿ, ಕಾರಣ ಮೇಲೆ ಹೇಳಿದ್ದೇ.

ತಪ್ಪು ಕಲ್ಪನೆ: ಪೊರೆ ಹಣ್ಣಾಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಹನಿ ಹಾಕಿದರೆ ಕರಗಬಹುದು.

ವಾಸ್ತವ: ಪೊರೆ ಕರಗಿಸುವ ಹನಿ ಇಲ್ಲ. ಜೇನು, ಈರುಳ್ಳಿ ರಸ ಹಾಕಿದರೆ ಕಣ್ಣು ಉರಿಯುತ್ತದೆ, ಅಷ್ಟೇ. ಹಣ್ಣಾಗಬೇಕು ಎಂಬ ಮಾತು ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹಾಕಿ ಸಾವಿರಾರು ಜನರಿಗೆ ಕಣ್ಣು ಕೊಟ್ಟ ಕಾಲದ್ದು. ಆಗ ಮಸೂರವನ್ನು ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು, ಚೆನ್ನಾಗಿ ಬಲಿತ ಪೊರೆಯನ್ನೇ ತೆಗೆಯುವುದಕ್ಕೆ ಅರ್ಥವಿತ್ತು. ಈಗ ಸಣ್ಣ ಗಾಯ ಮಾಡಿ ಪೊರೆ ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಮಸೂರ ಇಟ್ಟದ್ದು 1949ರಲ್ಲಿ, ಹೆಂಚ್ ಮೊದಲ ಕಾರ್ಟಿಸೋನ್ ಕೊಟ್ಟ ಮರುವರ್ಷ. ತೊಂದರೆಯೂ ಅದರ ಪರಿಹಾರವೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದ್ದು ನಮ್ಮ ಪುಣ್ಯ. ದಿನದ ಕೆಲಸಕ್ಕೆ ತೊಂದರೆಯಾದಾಗ ಆಪರೇಷನ್‌ಗೆ ಹೋಗುವುದೇ ಸರಿ. ತೀರಾ ಬಲಿಯಲು ಬಿಟ್ಟರೆ ಆಪರೇಷನ್ನೇ ಕಷ್ಟವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಇದನ್ನು ಉಚಿತವಾಗಿ ಮಾಡುತ್ತಾರೆ.

ಆಪರೇಷನ್ ಆದ ಮೇಲೆ ಕೆಲವು ವಾರ ಹಾಕಲು ಕೊಡುವ ಹನಿಯಲ್ಲೂ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಕೃತಕ ಮಸೂರಕ್ಕೆ ಸ್ಟೀರಾಯ್ಡ್ ಪೊರೆ ತರಲಾರದು, ಕಣ್ಣಿನ ಊತ ಇಳಿಯಲು ಆ ಹನಿ ಬೇಕು.

ತಪ್ಪು ಕಲ್ಪನೆ: ಪೊರೆ ತೆಗೆಸಿದೆ, ಇನ್ನು ಕಣ್ಣಿನ ಚಿಂತೆ ಇಲ್ಲ.

ವಾಸ್ತವ: ಸ್ಟೀರಾಯ್ಡ್ ಕಣ್ಣಿಗೆ ಮಾಡುವ ದೊಡ್ಡ ಹಾನಿ ಪೊರೆಯಲ್ಲ, ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ದೃಷ್ಟಿನರ ಒಣಗುವುದು. ಪೊರೆ ಬಂದರೆ ಕಣ್ಣು ಮಂಜಾಗಿ ಸುಳಿವು ಕೊಡುತ್ತದೆ, ತೆಗೆಸಿದರೆ ದೃಷ್ಟಿ ಮರಳುತ್ತದೆ. ಒತ್ತಡ ಏರಿದರೆ ನೋವಿಲ್ಲ, ಮಂಜಿಲ್ಲ. ಸುತ್ತಲಿನ ದೃಷ್ಟಿ ಅಂಚಿನಿಂದ ಸದ್ದಿಲ್ಲದೆ ಸವೆಯುತ್ತದೆ, ಸವೆದದ್ದು ಮರಳುವುದಿಲ್ಲ. ಸ್ಟೀರಾಯ್ಡ್ ಹನಿ ವಾರಗಟ್ಟಲೆ ಹಾಕುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಅಷ್ಟಿಷ್ಟು ಏರುತ್ತದೆ, ಕೆಲವರಿಗೆ ವಿಪರೀತ. ಅದು ಅಳೆದಾಗಲೇ ತಿಳಿಯುವುದು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನೂ ಏರಿಸುವುದರಿಂದ ಅಕ್ಷಿಪಟದ ಮೇಲೂ ಒಂದು ಕಣ್ಣಿರಬೇಕು.

ಚಿಕ್ಕಮ್ಮನಿಗೆ ಎರಡೂ ಕಣ್ಣಿನ ಆಪರೇಷನ್ ಆಗಿದೆ. ಮಾತ್ರೆ ಈಗಲೂ ಇದೆ, ದಿನಕ್ಕೆ 5 ಮಿಲಿಗ್ರಾಂ. ಅಕ್ಕಿ ಆರಿಸಲು ಮತ್ತೆ ಅಂಗಳಕ್ಕೇ ಬರುತ್ತಾರೆ. ವರ್ಷಕ್ಕೆರಡು ಸಲ ಕಣ್ಣಿನ ಒತ್ತಡ ಅಳೆಸಲು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ.

ನಿಮ್ಮ ಮನೆಯಲ್ಲೂ ಯಾರಾದರೂ ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ಕಣ್ಣು ಚೆನ್ನಾಗೇ ಕಾಣುತ್ತಿದ್ದರೂ ಒಮ್ಮೆ ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಹೋಗುವಾಗ ಮಾತ್ರೆಯ ಖಾಲಿ ಪಟ್ಟಿಯನ್ನು ಜೇಬಲ್ಲಿಟ್ಟುಕೊಳ್ಳಿ. ಎಷ್ಟು ವರ್ಷದಿಂದ, ಎಷ್ಟು ಮಿಲಿಗ್ರಾಂ ಎಂದು ಅದರ ಹಿಂದೆ ಬರೆದಿರಲಿ.